ಸ್ಥಿರನಾಣ್ಯಗಳ ಪೈಪೋಟಿ: ಒಂದು ವಿವೇಚನೆ

(ಅಂತಿಮ ಬಿ. ಎ., ಅರ್ಥಶಾಸ್ತ್ರ ವಿಭಾಗ)

ಹಣದ ಲಕ್ಷಣಗಳೇನೆಂದು ಕೇಳಿದರೆ ಅರ್ಥಶಾಸ್ತ್ರದ ವಿದ್ಯಾರ್ಥಿಗಳಾದ ನಾವು ಥಟ್ಟನೆ ಉತ್ತರ ಹೇಳುತ್ತೇವೆ: ಅದು ವಿನಿಮಯದ ಮಾಧ್ಯಮ, ಮೌಲ್ಯದ ಅಳತೆಗೋಲು, ಸಂಪತ್ತನ್ನು ಕೂಡಿಡುವ ಸಾಧನ, ಮುಂದೆ ತೀರಿಸಬೇಕಾದ ಸಾಲಕ್ಕೆ ಮಾನದಂಡ. ಪರೀಕ್ಷೆಗೆ ಇಷ್ಟು ಸಾಕು. ಆದರೆ ಒಂದೇ ಬೆಲೆಯನ್ನು ಸಾರುವ ಹತ್ತು ಬಗೆಯ ನಾಣ್ಯಗಳು ಒಂದೇ ಪೇಟೆಗೆ ಬಂದು ನಿಂತರೆ ಜನರು ಯಾವುದನ್ನು ಕೈಗೆತ್ತಿಕೊಳ್ಳುತ್ತಾರೆ, ಏಕೆ ಎತ್ತಿಕೊಳ್ಳುತ್ತಾರೆ ಎಂಬ ಪ್ರಶ್ನೆಗೆ ಈ ನಾಲ್ಕು ಲಕ್ಷಣಗಳಲ್ಲಿ ಉತ್ತರ ದೊರೆಯುವುದಿಲ್ಲ. ಇದು ಬರಿಯ ಊಹೆಯ ಪ್ರಶ್ನೆಯೂ ಅಲ್ಲ. ‘ಸ್ಟೇಬಲ್‌ಕಾಯಿನ್’ ಎಂಬ ನಾಣ್ಯಗಳ ನಡುವೆ ಹತ್ತು ವರ್ಷಗಳಿಗೂ ಮಿಕ್ಕ ಕಾಲದಿಂದ ಇಂಥದೇ ಪೈಪೋಟಿ ನಡೆದಿದೆ. ಈ ಲೇಖನದಲ್ಲಿ ಅವನ್ನು ಸ್ಥಿರನಾಣ್ಯಗಳೆಂದು ಕರೆಯುತ್ತೇನೆ. ಅವುಗಳ ಸೋಲು ಗೆಲುವುಗಳಿಗೆ ಕಾರಣವಾವುದು, ಆ ಸೋಲು ಗೆಲುವುಗಳಲ್ಲಿ ಸಾಮಾನ್ಯ ಜನರಿಗೆ ಆಗುವ ಲಾಭನಷ್ಟವೇನು ಎಂಬುದನ್ನು ವಿವೇಚಿಸುವುದೇ ಇಲ್ಲಿನ ಉದ್ದೇಶ.

೧. ಸ್ಥಿರನಾಣ್ಯವೆಂದರೇನು?

೨೦೦೯ರಲ್ಲಿ ಹುಟ್ಟಿದ ಬಿಟ್‌ಕಾಯಿನ್ನಿನ ಬೆಲೆ ಇಂದು ಇದ್ದಂತೆ ನಾಳೆ ಇರುವುದಿಲ್ಲ. ಅಂಥದರಲ್ಲಿ ಸಾಲ ಕೊಡುವುದಾಗಲಿ ಸಂಬಳ ಎಣಿಸುವುದಾಗಲಿ ಕಷ್ಟ. ಈ ತೊಡಕನ್ನು ನೀಗಲು ಹುಟ್ಟಿದುದೇ ಸ್ಥಿರನಾಣ್ಯ. ಒಂದು ಸಂಸ್ಥೆ ನಮ್ಮಿಂದ ಒಂದು ಡಾಲರ್ ಪಡೆದು, ಅದನ್ನು ಬ್ಯಾಂಕಿನಲ್ಲಿಯೋ ಅಮೆರಿಕ ಸರ್ಕಾರದ ಖಜಾನೆ ಹುಂಡಿಗಳಲ್ಲಿಯೋ ತೊಡಗಿಸುತ್ತದೆ. ನಮ್ಮ ಲೆಕ್ಕಕ್ಕೆ ಒಂದು ನಾಣ್ಯ ಬರೆಯುತ್ತದೆ. ನಾಣ್ಯವನ್ನು ಹಿಂದಿರುಗಿಸಿದರೆ ಡಾಲರನ್ನು ಮರಳಿ ಕೊಡುವುದಾಗಿ ಮಾತು. ಈ ಲೆಕ್ಕವಿರುವ ಕಿರ್ದಿಗೆ ಬ್ಲಾಕ್‌ಚೈನ್ ಎಂದು ಹೆಸರು. ಅದು ಒಬ್ಬ ಶ್ಯಾನುಭೋಗನ ಬಳಿ ಇರುವ ಪುಸ್ತಕವಲ್ಲ; ಅದರ ಪ್ರತಿಗಳು ಲೋಕದ ಅನೇಕ ಕಂಪ್ಯೂಟರುಗಳಲ್ಲಿ ಏಕಕಾಲಕ್ಕೆ ಇರುತ್ತವೆ.

ಸ್ಥಿರನಾಣ್ಯಗಳಲ್ಲಿ ಮುಖ್ಯವಾಗಿ ಮೂರು ಬಗೆ. ಮೇಲೆ ಹೇಳಿದಂತೆ ಮೀಸಲು ನಿಧಿಯನ್ನು ಆಧರಿಸಿದವು ಮೊದಲನೆಯ ಬಗೆ. ೨೦೧೪ರಲ್ಲಿ ಬಂದ ಟೆದರ್, ೨೦೧೮ರಲ್ಲಿ ಸರ್ಕಲ್ ಮತ್ತು ಕಾಯಿನ್‌ಬೇಸ್ ಸಂಸ್ಥೆಗಳು ಕೂಡಿ ಹೊರಡಿಸಿದ ಯು.ಎಸ್.ಡಿ.ಸಿ. ಇವು ಇದಕ್ಕೆ ಉದಾಹರಣೆ. ಬೇರೆ ಸ್ವತ್ತನ್ನು ಅಡವಿಟ್ಟು ಪಡೆಯುವಂಥದು ಎರಡನೆಯದು. ೨೦೧೭ರ ಡಿಸೆಂಬರಿನಲ್ಲಿ ಬಂದ ಡೈ ಎಂಬ ನಾಣ್ಯದಲ್ಲಿ ನೂರು ಡಾಲರಿನ ಸಾಲಕ್ಕೆ ಕನಿಷ್ಠ ನೂರೈವತ್ತು ಡಾಲರಿನ ಈಥರ್ ಅಡವಿಡಬೇಕಾಗಿತ್ತು. ಕೇವಲ ಒಂದು ಸೂತ್ರದ ಬಲದಿಂದ ನಿಂತದ್ದು ಮೂರನೆಯ ಬಗೆ. ಅದರ ಕಥೆ ಮುಂದೆ ಬರುತ್ತದೆ.

೨೦೨೫ರ ಅಕ್ಟೋಬರ್ ಹೊತ್ತಿಗೆ ಎಲ್ಲ ಸ್ಥಿರನಾಣ್ಯಗಳ ಒಟ್ಟು ಮೊತ್ತ ೩೦,೦೦೦ ಕೋಟಿ ಡಾಲರನ್ನು ದಾಟಿತ್ತು. ಅದರಲ್ಲಿ ಟೆದರಿನದು ಸುಮಾರು ೧೮,೦೦೦ ಕೋಟಿ, ಯು.ಎಸ್.ಡಿ.ಸಿ.ಯದು ೭,೦೦೦ ಕೋಟಿಗೂ ಹೆಚ್ಚು. ಎಂದರೆ ಐದು ಪಾಲಿನಲ್ಲಿ ನಾಲ್ಕು ಪಾಲು ಇವೆರಡರ ಕೈಯಲ್ಲಿ. ಉಳಿದ ಒಂದು ಪಾಲಿಗಾಗಿ ನೂರಾರು ನಾಣ್ಯಗಳ ಹೋರಾಟ. ಎಲ್ಲವೂ ಒಂದು ಡಾಲರಿಗೆ ಸಮವೆಂದೇ ಹೇಳಿಕೊಳ್ಳುತ್ತಿರುವಾಗ ಈ ಅಂತರಕ್ಕೆ ಕಾರಣವೇನು?

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಈ ವಿಷಯವನ್ನು ನಮ್ಮ ತಂದೆಯವರಿಗೆ ತಿಳಿಸಿ ಹೇಳಲು ಯತ್ನಿಸಿದಾಗ ಅವರು ಬ್ಲಾಕ್‌ಚೈನ್ ಎಂದರೇನೆಂದು ಕೇಳಲಿಲ್ಲ. “ಅದು ಸಂತೇಲಿ ನಡೀತದೇನಪ್ಪ?” ಎಂದಷ್ಟೇ ಕೇಳಿದರು. ಆಸ್ಟ್ರಿಯದ ಅರ್ಥಶಾಸ್ತ್ರಜ್ಞ ಕಾರ್ಲ್ ಮೆಂಗರ್ ಹಣದ ಹುಟ್ಟಿನ ಬಗೆಗೆ ೧೮೯೨ರಲ್ಲಿ ಬರೆದ ಲೇಖನದ ಸಾರವೂ ಬಹುಮಟ್ಟಿಗೆ ಇದೇ. ಯಾವ ವಸ್ತುವನ್ನು ಯಾರ ಬಳಿಯಾದರೂ ಸುಲಭವಾಗಿ ದಾಟಿಸಬಹುದೋ ಅದನ್ನೇ ಎಲ್ಲರೂ ತೆಗೆದುಕೊಳ್ಳತೊಡಗುತ್ತಾರೆ. ಎಲ್ಲರೂ ತೆಗೆದುಕೊಳ್ಳುವುದರಿಂದ ಅದನ್ನು ದಾಟಿಸುವುದು ಇನ್ನಷ್ಟು ಸುಲಭವಾಗುತ್ತದೆ. ಸ್ಥಿರನಾಣ್ಯದ ಸಂತೆ ಎಂದರೆ ಅದನ್ನು ಸ್ವೀಕರಿಸುವ ವಿನಿಮಯಕೇಂದ್ರಗಳು, ಸಾಲ ಕೊಡುವ ವ್ಯವಸ್ಥೆಗಳು, ಪಾವತಿಯ ಆ್ಯಪ್‌ಗಳು, ಹಣ ರವಾನಿಸುವ ಸಂಸ್ಥೆಗಳು. ಇವೆಲ್ಲವನ್ನೂ ಕೂಡಿಸಿ ‘ಬಳಕೆಯ ಬಳಗ’ ಎನ್ನೋಣ. ನಾಣ್ಯದ ಭಾಗ್ಯ ಈ ಬಳಗವನ್ನು ಅವಲಂಬಿಸಿದೆ ಎಂಬುದು ನನ್ನ ವಾದ. ಆದರೆ ಬಳಗದಲ್ಲಿಯೂ ನಿಜವಾದದ್ದುಂಟು, ಆಮಿಷದಿಂದ ಕೂಡಿಸಿದ್ದುಂಟು. ಇವೆರಡರ ಭೇದವನ್ನು ಅರಿಯದಿದ್ದರೆ ಮೋಸಹೋಗುವುದು ನಿಶ್ಚಯ.

೨. ಒಂದು ಹಳೆಯ ದೃಷ್ಟಾಂತ

ಖಾಸಗಿಯವರು ಹೊರಡಿಸಿದ ಡಾಲರುಗಳ ಪೈಪೋಟಿ ಲೋಕಕ್ಕೆ ಹೊಸದಲ್ಲ. ಅಮೆರಿಕದಲ್ಲಿ ೧೮೩೭ರಿಂದ ೧೮೬೩ರವರೆಗಿನ ಕಾಲದಲ್ಲಿ ನೂರಾರು ಬ್ಯಾಂಕುಗಳು ತಮ್ಮ ತಮ್ಮ ಹೆಸರಿನ ನೋಟುಗಳನ್ನು ಹೊರಡಿಸುತ್ತಿದ್ದವು. ಬ್ಯಾಂಕಿನ ಊರಿನಲ್ಲಿ ಪೂರ್ಣ ಬೆಲೆಗೆ ನಡೆಯುತ್ತಿದ್ದ ನೋಟು ದೂರದ ಊರಿನಲ್ಲಿ ವಟ್ಟ ಕಳೆದು ನಡೆಯುತ್ತಿತ್ತು. ಯಾವ ನೋಟಿಗೆ ಎಷ್ಟು ವಟ್ಟ ಎಂದು ತಿಳಿಸುವ ಪತ್ರಿಕೆಗಳೇ ಆಗ ಅಚ್ಚಾಗುತ್ತಿದ್ದವು. ವರ್ತಕನು ಅವನ್ನು ಅಂಗಡಿಯಲ್ಲಿಟ್ಟುಕೊಂಡು ವ್ಯಾಪಾರ ಮಾಡಬೇಕಾಗಿತ್ತು.

ಆದರೆ ಬೋಸ್ಟನ್ ನಗರದ ಸಫೋಕ್ ಬ್ಯಾಂಕ್ ೧೮೨೦ರ ದಶಕದಿಂದ ೧೮೫೮ರವರೆಗೆ ಬೇರೊಂದು ಏರ್ಪಾಡನ್ನು ನಡೆಸಿತು. ನ್ಯೂ ಇಂಗ್ಲೆಂಡ್ ಪ್ರಾಂತದ ಬ್ಯಾಂಕುಗಳು ಅದರಲ್ಲಿ ಠೇವಣಿ ಇಟ್ಟವು. ಅದು ಅವುಗಳ ನೋಟುಗಳನ್ನು ಮುಖಬೆಲೆಗೇ ಸ್ವೀಕರಿಸಿ ಲೆಕ್ಕ ತೀರಿಸಿತು. ಇದರಿಂದ ಆ ಪ್ರಾಂತದಲ್ಲಿ ವಟ್ಟದ ಕಾಟ ಬಹುಮಟ್ಟಿಗೆ ನಿಂತಿತು. ಕೊನೆಗೆ ೧೮೬೩ರ ರಾಷ್ಟ್ರೀಯ ಬ್ಯಾಂಕ್ ಕಾಯಿದೆಯೂ, ರಾಜ್ಯಗಳ ಬ್ಯಾಂಕುಗಳ ನೋಟುಗಳ ಮೇಲೆ ೧೮೬೫ರಲ್ಲಿ ಹೇರಿದ ಶೇಕಡಾ ೧೦ರ ತೆರಿಗೆಯೂ ಬಂದು ಖಾಸಗಿ ನೋಟುಗಳು ಮರೆಯಾದವು.

ಇದರಿಂದ ಎರಡು ಪಾಠಗಳನ್ನು ಕಲಿಯಬಹುದು. ನೋಟಿನ ಬೆಲೆ ಅದರ ಮೇಲೆ ಅಚ್ಚಾದ ಅಂಕಿಯಿಂದ ನಿರ್ಧಾರವಾಗುವುದಿಲ್ಲ, ಅದನ್ನು ಮುಖಬೆಲೆಗೆ ತೆಗೆದುಕೊಳ್ಳುವವನು ಹತ್ತಿರದಲ್ಲಿದ್ದಾನೆಯೇ ಎಂಬುದರಿಂದ ನಿರ್ಧಾರವಾಗುತ್ತದೆ ಎಂಬುದು ಒಂದು. ಹಾಗೆ ತೆಗೆದುಕೊಳ್ಳುವವನ ಕೈಗೆ ನೋಟು ಹೊರಡಿಸುವವನಿಗಿಂತಲೂ ಹೆಚ್ಚಿನ ಅಧಿಕಾರ ಬರುತ್ತದೆ ಎಂಬುದು ಇನ್ನೊಂದು. ನಮ್ಮ ಕಾಲದ ಸಂಗತಿಗಳನ್ನು ಈ ಎರಡು ಪಾಠಗಳ ಬೆಳಕಿನಲ್ಲಿ ನೋಡೋಣ.

೩. ಟೆದರ್ ಬೆಳೆದ ಬಗೆ

ಗುಣವೊಂದೇ ಗೆಲುವಿಗೆ ಕಾರಣವಾಗಿದ್ದರೆ ಟೆದರ್ ಮೊದಲ ಸ್ಥಾನದಲ್ಲಿ ಇರುತ್ತಿರಲಿಲ್ಲ. ಅಮೆರಿಕದ ಸರಕು ವಾಯಿದೆ ವ್ಯಾಪಾರದ ಆಯೋಗವು ೨೦೨೧ರ ಅಕ್ಟೋಬರಿನಲ್ಲಿ ಅದಕ್ಕೆ ೪.೧ ಕೋಟಿ ಡಾಲರ್ ದಂಡ ವಿಧಿಸಿತು. ೨೦೧೬ರಿಂದ ೨೦೧೮ರವರೆಗಿನ ೨೬ ತಿಂಗಳ ಅವಧಿಯನ್ನು ಪರಿಶೀಲಿಸಿದಾಗ, ನಾಣ್ಯಗಳಿಗೆ ಸಮನಾದ ನಗದು ಮೀಸಲು ಆ ಸಂಸ್ಥೆಯ ಬಳಿ ಇದ್ದದ್ದು ಶೇಕಡಾ ೨೭.೬ರಷ್ಟು ದಿನಗಳಲ್ಲಿ ಮಾತ್ರವೆಂದು ಆಯೋಗ ಕಂಡುಕೊಂಡಿತು. ಅದೇ ವರ್ಷದ ಫೆಬ್ರವರಿಯಲ್ಲಿ ನ್ಯೂಯಾರ್ಕ್ ರಾಜ್ಯದೊಡನೆಯೂ ೧.೮೫ ಕೋಟಿ ಡಾಲರ್ ತೆತ್ತು ರಾಜಿಯಾಗಿತ್ತು. ಆದರೂ ಟೆದರ್ ಕುಸಿಯಲಿಲ್ಲ, ಮತ್ತಷ್ಟು ಬೆಳೆಯಿತು.

ಇದರ ಗುಟ್ಟು ಬಳಗದಲ್ಲಿದೆ. ೨೦೧೭ರ ಸುಮಾರಿಗೆ ಬಿಟ್‌ಕಾಯಿನ್ ಮೊದಲಾದವನ್ನು ಕೊಡುಕೊಳ್ಳುವ ಹಲವು ಕೇಂದ್ರಗಳಿಗೆ ಬ್ಯಾಂಕುಗಳು ಖಾತೆ ತೆರೆದುಕೊಡಲು ಹಿಂಜರಿಯುತ್ತಿದ್ದವು. ಡಾಲರ್ ಇಟ್ಟುಕೊಳ್ಳಲಾಗದ ಕೇಂದ್ರಗಳು ಡಾಲರಿಗೆ ಬದಲಾಗಿ ಟೆದರನ್ನು ಇಟ್ಟುಕೊಂಡವು. ಆ ವರ್ಷದ ಜುಲೈ ತಿಂಗಳಲ್ಲಿ ಆರಂಭವಾಗಿ ಬೇಗನೆ ದೊಡ್ಡದಾದ ಬೈನಾನ್ಸ್ ಇಂಥದೊಂದು ಕೇಂದ್ರ. ಎಲ್ಲ ಸರಕಿಗೂ ಟೆದರಿನಲ್ಲಿಯೇ ಬೆಲೆ ಕಟ್ಟುವ ರೂಢಿ ಬಿದ್ದ ಮೇಲೆ, ಹೊಸಬನು ಬೇರೆ ನಾಣ್ಯ ಹಿಡಿದು ಬಂದರೂ ಮೊದಲು ಅದನ್ನು ಟೆದರಿಗೆ ಬದಲಾಯಿಸಿಕೊಳ್ಳಬೇಕಾಯಿತು.

ಎರಡನೆಯ ಹೆಜ್ಜೆ ೨೦೧೯ರಲ್ಲಿ ಬಂದಿತು. ಟೆದರ್ ಆಗ ಟ್ರಾನ್ ಎಂಬ ಬ್ಲಾಕ್‌ಚೈನಿನ ಮೇಲೂ ನಡೆಯತೊಡಗಿತು. ೨೦೨೧ರಲ್ಲಿ ಈಥೀರಿಯಂ ಮೇಲೆ ಒಮ್ಮೆ ಹಣ ಕಳುಹಿಸಲು ಎಷ್ಟೋ ವೇಳೆ ಹತ್ತಾರು ಡಾಲರ್ ಶುಲ್ಕ ತಗಲುತ್ತಿತ್ತು. ಟ್ರಾನಿನ ಮೇಲೆ ಅದು ಬಹು ಕಡಿಮೆ. ನೂರು ಡಾಲರ್ ಕಳುಹಿಸುವವನಿಗೆ ಇದು ಸಣ್ಣ ವ್ಯತ್ಯಾಸವಲ್ಲ. ಸ್ವಂತ ದೇಶದ ಹಣ ಬೆಲೆ ಕಳೆದುಕೊಳ್ಳುತ್ತಿದ್ದ ಅರ್ಜೆಂಟೀನ, ತುರ್ಕಿ, ನೈಜೀರಿಯಗಳಂಥ ದೇಶಗಳಲ್ಲಿ ಜನರು ಉಳಿತಾಯಕ್ಕೂ ರವಾನೆಗೂ ಇದನ್ನು ಹಿಡಿದರು. ೨೦೨೩-೨೪ರ ಹೊತ್ತಿಗೆ ಟೆದರಿನ ಸರಿಸುಮಾರು ಅರ್ಧ ಭಾಗ ಟ್ರಾನಿನ ಮೇಲಿತ್ತು. ಆ ಜನ ಮೀಸಲು ನಿಧಿಯ ವರದಿ ಓದಿ ನಾಣ್ಯ ಆರಿಸಿದವರಲ್ಲ. ಪಕ್ಕದ ಹಣ ಬದಲಾಯಿಸುವವನು ಯಾವುದನ್ನು ಕೊಡುತ್ತಾನೋ ಕೊಳ್ಳುತ್ತಾನೋ ಅದನ್ನೇ ಆರಿಸಿದರು.

೪. ಪೆಟ್ಟು ತಿಂದೂ ಉಳಿದದ್ದು

ಯು.ಎಸ್.ಡಿ.ಸಿ.ಯ ದಾರಿಯೇ ಬೇರೆ. ಮೀಸಲಿನ ಲೆಕ್ಕವನ್ನು ಕ್ರಮವಾಗಿ ಪ್ರಕಟಿಸುವುದು, ಕಾನೂನಿಗೆ ಒಳಪಟ್ಟು ನಡೆಯುವುದು ಇದರ ಹೆಗ್ಗಳಿಕೆ. ಮಧ್ಯವರ್ತಿ ಬ್ಯಾಂಕಿಲ್ಲದೆ ಗಣಕಸೂತ್ರಗಳೇ ಸಾಲ ಕೊಟ್ಟು ವಸೂಲು ಮಾಡುವ ಈಥೀರಿಯಂ ವ್ಯವಸ್ಥೆಗಳಲ್ಲಿ ಇದು ಗಟ್ಟಿಯಾಗಿ ನೆಲೆಯೂರಿತು. ೨೦೨೦ರ ಜನವರಿಯಲ್ಲಿ ಆರಂಭವಾದ ಕರ್ವ್ ಎಂಬ ವ್ಯವಸ್ಥೆಯು ಡೈ, ಯು.ಎಸ್.ಡಿ.ಸಿ., ಟೆದರ್ ಈ ಮೂರನ್ನೂ ಒಂದೇ ಕೊಳದಲ್ಲಿಟ್ಟು, ಅತ್ಯಲ್ಪ ವಟ್ಟಕ್ಕೆ ಒಂದರಿಂದ ಇನ್ನೊಂದಕ್ಕೆ ಬದಲಾಯಿಸಿಕೊಳ್ಳುವ ಅನುಕೂಲ ಕಲ್ಪಿಸಿತು. ಹಿಂದೆ ಹೇಳಿದ ಸಫೋಕ್ ಬ್ಯಾಂಕಿನ ಕೆಲಸವನ್ನೇ ಇದು ಹೊಸ ರೀತಿಯಲ್ಲಿ ಮಾಡಿತೆನ್ನಬಹುದು.

೨೦೨೩ರ ಮಾರ್ಚ್ ತಿಂಗಳಲ್ಲಿ ಸಿಲಿಕಾನ್ ವ್ಯಾಲಿ ಬ್ಯಾಂಕ್ ಮುಳುಗಿದಾಗ ಸರ್ಕಲ್ ಸಂಸ್ಥೆಯ ೩೩೦ ಕೋಟಿ ಡಾಲರ್ ಅದರಲ್ಲಿ ಸಿಕ್ಕಿಕೊಂಡಿತು. ಸುದ್ದಿ ಹರಡಿದೊಡನೆ ಒಂದು ಡಾಲರಿನ ನಾಣ್ಯ ೮೮ ಸೆಂಟಿನ ಆಸುಪಾಸಿಗೆ ಇಳಿಯಿತು. ಡೈ ನಾಣ್ಯದ ಆಧಾರದಲ್ಲಿ ದೊಡ್ಡ ಪಾಲು ಯು.ಎಸ್.ಡಿ.ಸಿ.ಯೇ ಆಗಿದ್ದುದರಿಂದ ಅದೂ ಜೊತೆಯಲ್ಲೇ ಇಳಿಯಿತು. ಬಳಗದ ನಂಟು ಬಲವನ್ನು ಹಂಚುವಂತೆ ಬೇನೆಯನ್ನೂ ಹಂಚುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಠೇವಣಿದಾರರ ಹಣಕ್ಕೆ ಅಮೆರಿಕ ಸರ್ಕಾರ ಹೊಣೆ ಹೊತ್ತ ಮೇಲೆ ಬೆಲೆ ಮೊದಲಿನಂತಾಯಿತು. ಆದರೆ ಭಯಪಟ್ಟವರೆಲ್ಲ ಮರಳಲಿಲ್ಲ. ೨೦೨೨ರ ಮಧ್ಯದಲ್ಲಿ ೫,೫೦೦ ಕೋಟಿ ಡಾಲರಿನಷ್ಟಿದ್ದ ಮೊತ್ತ ೨೦೨೩ರ ಕೊನೆಗೆ ಅದರ ಅರ್ಧಕ್ಕೂ ಕಡಿಮೆಯಾಯಿತು. ಇಷ್ಟಾದರೂ ಸಾಲ, ವ್ಯಾಪಾರ, ಪಾವತಿಗಳ ಬಳಗ ಚದುರದೆ ಉಳಿದಿತ್ತು. ಆದುದರಿಂದಲೇ ಮುಂದಿನ ಎರಡು ವರ್ಷಗಳಲ್ಲಿ ಅದು ಹಿಂದಿನ ಎತ್ತರವನ್ನು ಮುಟ್ಟಿ ಮೀರಲು ಸಾಧ್ಯವಾಯಿತು.

೫. ಆಮಿಷದ ಬಳಗ

ಇನ್ನು ಟೆರಾದ ಕಥೆ. ದಕ್ಷಿಣ ಕೊರಿಯದ ಡೊ ಕ್ವಾನ್ ಎಂಬುವರ ಟೆರಾಫಾರ್ಮ್ ಸಂಸ್ಥೆ ೨೦೨೦ರಲ್ಲಿ ಯು.ಎಸ್.ಟಿ. ಎಂಬ ನಾಣ್ಯವನ್ನು ಹೊರಡಿಸಿತು. ಒಂದು ಯು.ಎಸ್.ಟಿ.ಯನ್ನು ಕೊಟ್ಟರೆ ಒಂದು ಡಾಲರ್ ಬೆಲೆಯ ಲೂನಾ ಎಂಬ ಇನ್ನೊಂದು ನಾಣ್ಯ ದೊರೆಯುವುದು ಅದರ ಸೂತ್ರ. ಲೂನಾವನ್ನೂ ಅದೇ ಸಂಸ್ಥೆ ಸೃಷ್ಟಿಸಿದ್ದು. ಸಾಲಗಾರನೇ ತನಗೆ ತಾನು ಜಾಮೀನು ನಿಂತಂತೆ!

ಇಂಥ ನಾಣ್ಯವನ್ನು ಜನ ಏಕೆ ಕೊಂಡರು? ೨೦೨೧ರ ಮಾರ್ಚ್‌ನಲ್ಲಿ ಆರಂಭವಾದ ಆಂಕರ್ ಎಂಬ ವ್ಯವಸ್ಥೆ ಯು.ಎಸ್.ಟಿ. ಠೇವಣಿಗೆ ವರ್ಷಕ್ಕೆ ಶೇಕಡಾ ೨೦ರ ಹತ್ತಿರ ಬಡ್ಡಿ ಕೊಟ್ಟಿತು. ಸಾಲಗಾರರಿಂದ ಬರುವ ಬಡ್ಡಿ ಅಷ್ಟಕ್ಕೆ ಸಾಲುತ್ತಿರಲಿಲ್ಲ. ಕೊರತೆಯನ್ನು ಹೊರಗಿನಿಂದ ತುಂಬುತ್ತಿದ್ದರು. ೨೦೨೨ರ ಮೇ ತಿಂಗಳ ಆರಂಭದಲ್ಲಿ ಯು.ಎಸ್.ಟಿ.ಯ ಒಟ್ಟು ಮೊತ್ತ ಸುಮಾರು ೧,೮೦೦ ಕೋಟಿ ಡಾಲರ್. ಅದರಲ್ಲಿ ಸುಮಾರು ೧,೪೦೦ ಕೋಟಿ ಆಂಕರಿನಲ್ಲಿಯೇ ಮಲಗಿತ್ತು. ಕೊಡುಕೊಳ್ಳಲು ಬಳಸಬೇಕಾದ ನಾಣ್ಯ ಬಡ್ಡಿಯ ಆಸೆಗೆ ಒಂದೇ ಕಡೆ ಬಂದು ಬಿದ್ದಿತ್ತೆಂದು ಇದರ ಅರ್ಥ. ನಂಬಿಕೆ ಅಲುಗಿದೊಡನೆ ಎಲ್ಲರೂ ಒಂದೇ ಬಾಗಿಲಿಗೆ ನುಗ್ಗಿದರು. ಕೆಲವೇ ದಿನಗಳಲ್ಲಿ ಎರಡೂ ನಾಣ್ಯಗಳು ಸೇರಿ ಸುಮಾರು ೪,೦೦೦ ಕೋಟಿ ಡಾಲರಿನ ಮೌಲ್ಯ ಬೂದಿಯಾಯಿತು.

ಇನ್ನೊಂದು ಸಂಗತಿ ಇದಕ್ಕಿಂತಲೂ ಗಮನಾರ್ಹ. ಚಾಯ್ ಎಂಬ ಕೊರಿಯದ ಪಾವತಿ ಆ್ಯಪ್ ತನ್ನ ವ್ಯವಹಾರಗಳನ್ನು ಟೆರಾದ ಬ್ಲಾಕ್‌ಚೈನಿನ ಮೇಲೆ ನಡೆಸುತ್ತದೆಂದು ಟೆರಾಫಾರ್ಮ್ ಸಾರಿಕೊಂಡಿತ್ತು. ಇದು ಸುಳ್ಳೆಂದು ಅಮೆರಿಕದ ಷೇರುಪೇಟೆ ನಿಯಂತ್ರಣ ಆಯೋಗ ಆರೋಪಿಸಿತು. ೨೦೨೪ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಜ್ಯೂರಿ ಸಂಸ್ಥೆಯನ್ನೂ ಕ್ವಾನರನ್ನೂ ವಂಚನೆಗೆ ಹೊಣೆಗಾರರೆಂದು ತೀರ್ಮಾನಿಸಿತು. ೨೦೨೫ರ ಆಗಸ್ಟ್‌ನಲ್ಲಿ ಕ್ವಾನರು ಕ್ರಿಮಿನಲ್ ಮೊಕದ್ದಮೆಯಲ್ಲಿ ತಪ್ಪೊಪ್ಪಿಕೊಂಡರು. ಮೀಸಲಿನ ಬಗ್ಗೆ ಸುಳ್ಳು ಹೇಳುವವರನ್ನು ಕೇಳಿದ್ದೇವೆ. ಇಲ್ಲಿ ಬಳಕೆಯ ಬಗ್ಗೆಯೇ ಸುಳ್ಳು. ಬಳಗಕ್ಕೆ ಎಷ್ಟು ಬೆಲೆಯಿದೆ ಎಂಬುದು ಇದರಿಂದಲೇ ಸ್ಪಷ್ಟವಾಗುತ್ತದೆ. ಯಾರೂ ಬೆಲೆಯಿಲ್ಲದ ವಸ್ತುವಿನ ನಕಲು ಮಾಡುವುದಿಲ್ಲ.

ಪ್ರಾಮಾಣಿಕ ಸಂಸ್ಥೆಗಳಿಗೂ ಆಮಿಷದ ಮಿತಿ ಅನುಭವಕ್ಕೆ ಬಂದಿದೆ. ೪೦ ಕೋಟಿಗೂ ಹೆಚ್ಚು ಖಾತೆಗಳಿದ್ದ ಪೇಪಾಲ್ ೨೦೨೩ರ ಆಗಸ್ಟ್‌ನಲ್ಲಿ ತನ್ನದೇ ಸ್ಥಿರನಾಣ್ಯವನ್ನು ತಂದಿತು. ಸೋಲಾನ ಎಂಬ ಬ್ಲಾಕ್‌ಚೈನಿನ ಸಾಲದ ವ್ಯವಸ್ಥೆಗಳಲ್ಲಿ ಠೇವಣಿಗೆ ಬಹುಮಾನ ದೊರೆಯುತ್ತಿದ್ದಾಗ ಅದರ ಮೊತ್ತ ೨೦೨೪ರ ಆಗಸ್ಟ್‌ನಲ್ಲಿ ಸುಮಾರು ೧೦೦ ಕೋಟಿ ಡಾಲರಿಗೆ ಏರಿತು; ಬಹುಮಾನ ಇಳಿದಾಗ ವರ್ಷದ ಕೊನೆಗೆ ಅರ್ಧದಷ್ಟಕ್ಕೆ ಕುಸಿಯಿತು. ಅದು ಮತ್ತೆ ಬೆಳೆದದ್ದು ೨೦೨೫ರಲ್ಲಿ. ಬಡ್ಡಿಯ ಆಸೆಯಿಂದ ಬಂದವನು ಬಡ್ಡಿ ನಿಂತ ದಿನವೇ ಹೊರಟುಹೋಗುತ್ತಾನೆ. ಕೆಲಸಕ್ಕೆಂದು ಬಂದವನು ಕೆಲಸವಿರುವವರೆಗೂ ಇರುತ್ತಾನೆ.

೬. ಬಾಗಿಲು ಕಾಯುವವನ ಪಾಲು

ಈಗ ಹಣದ ಪ್ರಶ್ನೆಗೆ ಬರೋಣ. ಜನರು ಕೊಟ್ಟ ಡಾಲರನ್ನು ಖಜಾನೆ ಹುಂಡಿಯಲ್ಲಿಟ್ಟರೆ ಬಡ್ಡಿ ಬರುತ್ತದೆ. ಆ ಬಡ್ಡಿ ನಾಣ್ಯ ಹಿಡಿದವನಿಗೆ ಹೋಗುವುದಿಲ್ಲ, ಹೊರಡಿಸಿದವನಿಗೆ ಹೋಗುತ್ತದೆ. ೨೦೨೪ರಲ್ಲಿ ತನಗೆ ೧,೩೦೦ ಕೋಟಿ ಡಾಲರಿಗೂ ಮೀರಿದ ಲಾಭ ಬಂದಿತೆಂದು ಟೆದರ್ ತಾನೇ ಪ್ರಕಟಿಸಿತು. ಇದರಲ್ಲಿ ಬಡ್ಡಿಯ ಪಾಲು ದೊಡ್ಡದು.

ಸರ್ಕಲ್ ಸಂಸ್ಥೆಯ ಲೆಕ್ಕ ಇನ್ನೂ ಬೋಧಪ್ರದವಾಗಿದೆ. ೨೦೨೪ರಲ್ಲಿ ಅದರ ಆದಾಯ ೧೬೮ ಕೋಟಿ ಡಾಲರ್, ಅದರಲ್ಲಿ ೯೦.೮ ಕೋಟಿಯನ್ನು ಕಾಯಿನ್‌ಬೇಸಿಗೆ ತೆತ್ತಿತು. ಏಕೆ? ನಾಣ್ಯವನ್ನು ಜನರ ಕೈಗೆ ತಲುಪಿಸುವ ಅಂಗಡಿ ಕಾಯಿನ್‌ಬೇಸಿನದು. ಅಲ್ಲಿ ಇಟ್ಟಿರುವ ನಾಣ್ಯಗಳ ಬಡ್ಡಿ ಪೂರ್ತಿ ಅದಕ್ಕೆ. ಹೊರಗಿನ ನಾಣ್ಯಗಳಿಂದ ಬಂದುದರಲ್ಲಿಯೂ ಅದಕ್ಕೆ ಸರಿಪಾಲು. ಬೈನಾನ್ಸಿಗೂ ಸರ್ಕಲ್ ಅದೇ ವರ್ಷ ೬ ಕೋಟಿ ಡಾಲರಿಗೂ ಹೆಚ್ಚು ಹಣವನ್ನು ಮುಂಗಡವಾಗಿ ಕೊಟ್ಟಿತು. ಬೈನಾನ್ಸಿನ ಬಲವನ್ನು ಅದು ಹಿಂದೆಯೇ ಕಂಡಿತ್ತು: ೨೦೨೨ರ ಸೆಪ್ಟೆಂಬರಿನಲ್ಲಿ ಬೈನಾನ್ಸ್ ತನ್ನಲ್ಲಿದ್ದ ಗಿರಾಕಿಗಳ ಯು.ಎಸ್.ಡಿ.ಸಿ.ಯನ್ನು ತಾನೇ ತನ್ನ ಹೆಸರಿನ ಬಿ.ಯು.ಎಸ್.ಡಿ.ಗೆ ಬದಲಾಯಿಸಿಬಿಟ್ಟಿತ್ತು.

೨೦೨೫ರ ಸೆಪ್ಟೆಂಬರಿನಲ್ಲಿ ಈ ಅಧಿಕಾರ ಬಹಿರಂಗ ಹರಾಜಿನ ರೂಪ ತಾಳಿತು. ಹೈಪರ್‌ಲಿಕ್ವಿಡ್ ಎಂಬ ವ್ಯಾಪಾರ ವ್ಯವಸ್ಥೆಯಲ್ಲಿ ೫೦೦ ಕೋಟಿ ಡಾಲರಿಗೂ ಹೆಚ್ಚು ಯು.ಎಸ್.ಡಿ.ಸಿ. ಇತ್ತು. ತನ್ನದೇ ನಾಣ್ಯವೊಂದನ್ನು ಹೊರಡಿಸುವ ಹಕ್ಕನ್ನು ಯಾರಿಗೆ ಕೊಡಬೇಕೆಂದು ಅದು ಮತಕ್ಕೆ ಹಾಕಿತು. ಪ್ಯಾಕ್ಸೋಸ್, ಫ್ರಾಕ್ಸ್, ಅಗೋರ, ಎಥೀನ ಮೊದಲಾದವರು ಬಡ್ಡಿಯ ಬಹುಪಾಲನ್ನು ನಿಮಗೇ ಕೊಡುತ್ತೇವೆಂದು ಮುಂದೆ ಬಂದರು; ಗೆದ್ದದ್ದು ನೇಟಿವ್ ಮಾರ್ಕೆಟ್ಸ್ ಎಂಬ ತಂಡ. ನಾಣ್ಯದವರು ಸಂತೆಯನ್ನು ಹುಡುಕುತ್ತಿದ್ದ ಕಾಲ ಹೋಗಿ, ಸಂತೆಯೇ ನಾಣ್ಯದವರನ್ನು ಸಾಲಾಗಿ ನಿಲ್ಲಿಸಿಕೊಳ್ಳುವ ಕಾಲ ಬಂದಿತು.

ಹಾಗಾದರೆ ಬಳಗವೊಂದಿದ್ದರೆ ಎಲ್ಲವೂ ಸಾಧ್ಯವೇ? ಇಲ್ಲ. ಇನ್ನೂರು ಕೋಟಿಗೂ ಹೆಚ್ಚು ಬಳಕೆದಾರರಿದ್ದ ಫೇಸ್‌ಬುಕ್ ೨೦೧೯ರ ಜೂನ್‌ನಲ್ಲಿ ಲಿಬ್ರಾ ಯೋಜನೆಯನ್ನು ಸಾರಿತು. ಸರ್ಕಾರಗಳು ವಿರೋಧಿಸಿದವು, ಅಕ್ಟೋಬರ್ ಹೊತ್ತಿಗೆ ಪೇಪಾಲ್, ವೀಸಾ, ಮಾಸ್ಟರ್‌ಕಾರ್ಡ್‌ಗಳು ಹಿಂದೆ ಸರಿದವು, ಡಿಯೆಮ್ ಎಂದು ಹೆಸರು ಬದಲಾಯಿಸಿದರೂ ೨೦೨೨ರ ಆರಂಭದಲ್ಲಿ ಸ್ವತ್ತನ್ನು ಮಾರಿ ಮುಚ್ಚಬೇಕಾಯಿತು. ಬಿ.ಯು.ಎಸ್.ಡಿ.ಯ ಗತಿಯೂ ಅದೇ. ೨೦೨೩ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಹಣಕಾಸು ಸೇವೆಗಳ ಇಲಾಖೆ ಹೊಸ ನಾಣ್ಯ ಹೊರಡಿಸಕೂಡದೆಂದು ಆಜ್ಞೆ ಮಾಡಿದಾಗ ಅದರ ಮೊತ್ತ ಸುಮಾರು ೧,೬೦೦ ಕೋಟಿ ಡಾಲರ್. ಆ ವರ್ಷ ಮುಗಿಯುವುದರೊಳಗೆ ಅದು ನಾಮಾವಶೇಷವಾಯಿತು. ಬಳಗ ನಾಣ್ಯವನ್ನು ಬೆಳೆಸಬಲ್ಲದು. ಕಾನೂನಿನ ಕೈಯಿಂದ ಅದನ್ನು ಉಳಿಸಲಾರದು.

ಕಾನೂನೂ ಈಗ ರೂಪುಗೊಂಡಿದೆ. ಯೂರೋಪಿನ ಒಕ್ಕೂಟದ ನಿಯಮಗಳು ೨೦೨೪ರ ಜೂನ್ ಕೊನೆಯಿಂದ ಸ್ಥಿರನಾಣ್ಯಗಳಿಗೆ ಅನ್ವಯಿಸಿದವು. ಪರವಾನಗಿ ಪಡೆಯದ ಟೆದರನ್ನು ಅಲ್ಲಿನ ಗಿರಾಕಿಗಳಿಗೆ ಹಲವು ಕೇಂದ್ರಗಳು ನಿಲ್ಲಿಸಿದವು. ಅಮೆರಿಕದಲ್ಲಿ ೨೦೨೫ರ ಜುಲೈ ೧೮ರಂದು ಜೀನಿಯಸ್ ಕಾಯಿದೆಗೆ ಅಧ್ಯಕ್ಷರ ಅಂಕಿತ ಬಿದ್ದಿತು. ನಾಣ್ಯಕ್ಕೆ ಸಮನಾದ ಮೀಸಲು ಇರಲೇಬೇಕು, ಹೊರಡಿಸಿದ ಸಂಸ್ಥೆ ನಾಣ್ಯ ಹಿಡಿದವರಿಗೆ ಬಡ್ಡಿ ಕೊಡಕೂಡದು ಎಂಬುದು ಅದರ ವಿಧಿ. ಹೊರಡಿಸುವವನ ಕೈ ಕಟ್ಟಿದಷ್ಟೂ ಅಂಗಡಿಯವನ ಕೈ ಮೇಲಾಗುವುದು ಸಹಜ. ಅಂಗಡಿಗಳು ‘ಬಹುಮಾನ’ದ ಹೆಸರಿನಲ್ಲಿ ಬಡ್ಡಿ ಕೊಡಬಹುದೇ ಎಂಬ ವಾದ ಕೂಡಲೇ ಹುಟ್ಟಿಕೊಂಡಿತು.

೭. ನಮ್ಮ ದೇಶದ ಅನುಭವ

ಭಾರತದಲ್ಲಿ ೨೦೨೨ರಿಂದ ಇಂಥ ಸ್ವತ್ತುಗಳ ಲಾಭದ ಮೇಲೆ ಶೇಕಡಾ ೩೦ರ ತೆರಿಗೆಯಿದೆ. ರಿಸರ್ವ್ ಬ್ಯಾಂಕು ಮೊದಲಿನಿಂದಲೂ ಎಚ್ಚರಿಕೆಯ ಮಾತನ್ನೇ ಆಡುತ್ತಿದೆ. ಆದರೆ ನಮ್ಮದೇ ಅನುಭವವೊಂದು ಈ ವಿಷಯವನ್ನು ತಿಳಿಯಲು ನೆರವಾಗುತ್ತದೆ. ೨೦೧೬ರಲ್ಲಿ ಬಂದ ಯು.ಪಿ.ಐ.ನಲ್ಲಿಯೂ ಆ್ಯಪ್‌ಗಳ ಪೈಪೋಟಿ ತೀವ್ರವಾಗಿದೆ. ಬೆಂಗಳೂರಿನ ಫೋನ್‌ಪೇ ಮತ್ತು ಗೂಗಲ್ ಪೇ ಇವೆರಡೇ ವ್ಯವಹಾರಗಳ ಬಹುಪಾಲನ್ನು ಹಿಡಿದಿವೆ. ಸರ್ಕಾರದ ಬೆಂಬಲದಿಂದ ಬಂದ ಭೀಮ್ ಆ್ಯಪಿನ ಪಾಲು ಅತ್ಯಲ್ಪ. ಆದರೆ ಒಂದು ಮುಖ್ಯ ವ್ಯತ್ಯಾಸವುಂಟು. ಒಂದು ಆ್ಯಪಿನಿಂದ ಹೊರಟ ರೂಪಾಯಿ ಇನ್ನೊಂದು ಆ್ಯಪಿಗೆ ರೂಪಾಯಿಯಾಗಿಯೇ ತಲುಪುತ್ತದೆ, ನಡುವೆ ವಟ್ಟವಿಲ್ಲ. ಇಲ್ಲಿ ನಾವು ಆರಿಸುವುದು ಅಂಗಡಿಯನ್ನು ಮಾತ್ರ. ಸ್ಥಿರನಾಣ್ಯಗಳಲ್ಲಿಯಾದರೋ ಅಂಗಡಿಯನ್ನು ಆರಿಸಿದವನು ತಿಳಿದೋ ತಿಳಿಯದೆಯೋ ಹಣವನ್ನೂ ಆರಿಸಿರುತ್ತಾನೆ.

ರಿಸರ್ವ್ ಬ್ಯಾಂಕಿನ ಡಿಜಿಟಲ್ ರೂಪಾಯಿಯೂ ಇದೇ ಪಾಠವನ್ನು ಬೇರೆ ದಿಕ್ಕಿನಿಂದ ಕಲಿಸುತ್ತದೆ. ೨೦೨೨ರ ಡಿಸೆಂಬರ್ ೧ರಂದು ಬೆಂಗಳೂರೂ ಸೇರಿದಂತೆ ನಾಲ್ಕು ನಗರಗಳಲ್ಲಿ ಅದರ ಪ್ರಯೋಗ ಆರಂಭವಾಯಿತು. ಅದರ ಬೆಲೆಯ ವಿಷಯದಲ್ಲಿ ಯಾರಿಗೂ ಅಣುಮಾತ್ರ ಸಂಶಯವಿಲ್ಲ. ಆದರೂ ೨೦೨೫ರ ಮಾರ್ಚ್ ಕೊನೆಗೆ ಚಲಾವಣೆಯಲ್ಲಿದ್ದದ್ದು ಸುಮಾರು ೧,೦೧೬ ಕೋಟಿ ರೂಪಾಯಿ. ಕಾಗದದ ನೋಟುಗಳಾದರೋ ೩೬ ಲಕ್ಷ ಕೋಟಿಗೂ ಮಿಕ್ಕು. ಯು.ಪಿ.ಐ. ಮಾಡದ ಯಾವ ಕೆಲಸವನ್ನು ಇದು ಮಾಡಿಕೊಡುತ್ತದೆ ಎಂಬ ಪ್ರಶ್ನೆಗೆ ಜನರಿಗೆ ಉತ್ತರ ಸಿಗುವವರೆಗೂ ಪರಿಶುದ್ಧವಾದ ನಾಣ್ಯವೂ ಮೂಲೆಯಲ್ಲಿಯೇ ಉಳಿಯುತ್ತದೆ.

೮. ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಮಾತುಗಳನ್ನು ಹೇಳಬಹುದು. ಮೊದಲನೆಯದಾಗಿ, ಬೆಲೆಯಲ್ಲಿ ಸಮಾನವಾದ ನಾಣ್ಯಗಳ ನಡುವೆ ಗೆಲುವನ್ನು ನಿರ್ಧರಿಸುವುದು ಬಳಕೆಯ ಬಳಗ. ಎರಡನೆಯದಾಗಿ, ಬಳಗ ನಿಜವಾದದ್ದೋ ಆಮಿಷದ್ದೋ ಎಂದು ತಿಳಿಯಲು ಒಂದೇ ಪರೀಕ್ಷೆ ಸಾಕು: ನಾಳೆ ಬಹುಮಾನ ನಿಂತರೆ ಈ ನಾಣ್ಯವನ್ನು ಯಾರು, ಯಾವ ಕೆಲಸಕ್ಕೆ ಇಟ್ಟುಕೊಳ್ಳುತ್ತಾರೆ? ೨೦೨೨ರ ಏಪ್ರಿಲ್‌ನಲ್ಲಿ ಯು.ಎಸ್.ಟಿ.ಯ ಮುಂದೆ ಈ ಪ್ರಶ್ನೆ ಇಟ್ಟಿದ್ದರೆ ಉತ್ತರ ಸಿಗುತ್ತಿರಲಿಲ್ಲ; ಟ್ರಾನಿನ ಮೇಲೆ ಹಣ ಕಳುಹಿಸುವ ಕೂಲಿಯವನ ಮುಂದೆ ಇಟ್ಟಿದ್ದರೆ ಒಡನೆಯೇ ಸಿಗುತ್ತಿತ್ತು. ಮೂರನೆಯದಾಗಿ, ಬಳಗ ಬೆಳೆದಂತೆ ಅಧಿಕಾರವೂ ಬಡ್ಡಿಯೂ ನಾಣ್ಯ ಹೊರಡಿಸುವವನಿಂದ ಬಾಗಿಲು ಕಾಯುವವನಿಗೆ ಹರಿಯುತ್ತವೆ. ಬೆವರು ಸುರಿಸಿ ಡಾಲರ್ ತಂದವನಿಗೆ ಅದರಲ್ಲಿ ದಕ್ಕುವುದು ಅಲ್ಪವೇ.

ನಮ್ಮ ಕರಾವಳಿಯಿಂದ ಗಲ್ಫ್ ದೇಶಗಳಿಗೆ ದುಡಿಯಲು ಹೋದವರು ಎಷ್ಟೋ ಮಂದಿ. ಅವರು ಮನೆಗೆ ಕಳುಹಿಸುವ ಹಣದಲ್ಲಿ ದಾರಿಯ ಖರ್ಚೆಂದು ಕಳೆಯುವ ಪ್ರತಿ ರೂಪಾಯಿಯೂ ಮಗುವಿನ ಫೀಸಿನದೋ ಮನೆಯ ಸಾಲದ್ದೋ ಆಗಿರುತ್ತದೆ. ಹೊಸ ನಾಣ್ಯಗಳು ಆ ಖರ್ಚನ್ನು ತಗ್ಗಿಸುವುದಾದರೆ ಅವನ್ನು ಸ್ವಾಗತಿಸಲು ಅಡ್ಡಿಯಿಲ್ಲ. ಆದರೆ ಎಲ್ಲ ನಾಣ್ಯಗಳೂ ಒಂದರೊಡನೊಂದು ಮುಖಬೆಲೆಗೆ ಬದಲಾಗುವ ಏರ್ಪಾಡು ಇರಬೇಕು. ಬಡ್ಡಿ ಯಾರ ಪಾಲಾಗುತ್ತದೆಂಬ ಲೆಕ್ಕ ಬಹಿರಂಗವಾಗಿರಬೇಕು. ನಾಣ್ಯಗಳ ಸ್ಥಿರತೆಯ ಬಗೆಗೆ ಬಹಳ ಬರೆದಿದ್ದಾರೆ. ಅವು ನಡೆಯುವ ಸಂತೆಯ ಯಜಮಾನ ಯಾರೆಂದು ಕೇಳುವುದು ಅರ್ಥಶಾಸ್ತ್ರ ಓದುವ ನಮ್ಮ ಕೆಲಸ.